ಇಷ್ಟು ಚಿಕ್ಕ ಮಗುವಿಗೆ ಪ್ರವಾಸ ನೆನಪಿರುತ್ತದೆಯೇ?

ರಜೆ ಹತ್ತಿರವಾದಂತೆ ಪುಟ್ಟ ಮಕ್ಕಳಿರುವ ಗೆಳೆಯರೂ ನೆಂಟರೂ ನನ್ನನ್ನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಮೂರು ನಾಲ್ಕು ವರ್ಷದ ಮಗುವನ್ನು ಎತ್ತಿಕೊಂಡು, ಅದರ ಹಾಲು, ಬಟ್ಟೆ, ಔಷಧಿಗಳ ಚೀಲವನ್ನೂ ಹೊತ್ತು ಊರೂರು ತಿರುಗಿದರೆ ದೊಡ್ಡದಾದ ಮೇಲೆ ಅದಕ್ಕೆ ಏನಾದರೂ ನೆನಪಿರುತ್ತದೆಯೇ, ಅಥವಾ ಪಟ್ಟ ಶ್ರಮವೆಲ್ಲ ವ್ಯರ್ಥವೇ? ಮೂರು ವರ್ಷದೊಳಗಿನ ಪ್ರವಾಸ ಬಹುಮಟ್ಟಿಗೆ ನೆನಪಿನಲ್ಲಿ ಉಳಿಯುವುದಿಲ್ಲ ಎಂದೇ ನಾನು ಹೇಳುತ್ತೇನೆ. ಅದರ ನಂತರದ್ದು ಉಳಿಯುವುದೋ ಇಲ್ಲವೋ ಎಂಬುದು, ಎಲ್ಲಿಗೆ ಹೋದಿರಿ ಎಂಬುದಕ್ಕಿಂತ ಹೆಚ್ಚಾಗಿ, ಮನೆಗೆ ಮರಳಿದ ಮೇಲೆ ಮಗುವಿನೊಡನೆ ಅದರ ಬಗ್ಗೆ ಹೇಗೆ ಮಾತನಾಡಿದಿರಿ ಎಂಬುದನ್ನು ಅವಲಂಬಿಸಿದೆ.

ಬಹುತೇಕ ವಯಸ್ಕರ ಮೊದಲ ನೆನಪು ಮೂರು, ಮೂರೂವರೆ ವರ್ಷದ ಆಸುಪಾಸಿನದು. ಹಾಗೆಂದು ಎರಡು ವರ್ಷದ ಕೂಸಿಗೆ ನೆನಪಿನ ಶಕ್ತಿಯೇ ಇಲ್ಲವೆಂದಲ್ಲ. ಕಳೆದ ತಿಂಗಳು ಕಂಡ ಆನೆಯನ್ನು ಅದು ಇಂದು ಚೆನ್ನಾಗಿಯೇ ನೆನೆಯುತ್ತದೆ, ಆದರೆ ಆ ನೆನಪು ಮುಂದೆ ಅಳಿಸಿಹೋಗುತ್ತದೆ. ಅಮೆರಿಕದ ಎಮರಿ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಬಾಯರ್ ಮತ್ತು ಮರೀನಾ ಲಾರ್ಕಿನಾ ಮೂರು ವರ್ಷದ ಮಕ್ಕಳು ತಾಯಂದಿರೊಡನೆ ಇತ್ತೀಚಿನ ಘಟನೆಗಳ ಬಗ್ಗೆ ಆಡಿದ ಮಾತುಗಳನ್ನು ದಾಖಲಿಸಿಕೊಂಡು, ಕೆಲವು ವರ್ಷಗಳ ನಂತರ ಅದೇ ಮಕ್ಕಳನ್ನು ಮತ್ತೆ ವಿಚಾರಿಸಿದರು. ಐದರಿಂದ ಏಳು ವರ್ಷದವರು ಆ ಘಟನೆಗಳಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚನ್ನು ನೆನೆದರೆ, ಎಂಟು ಒಂಬತ್ತು ವರ್ಷದವರು ನೆನೆದದ್ದು 40ಕ್ಕಿಂತ ಕಡಿಮೆ. ಆದ್ದರಿಂದ ಐದು ವರ್ಷದ ಮಗು ಹಳೆಯ ಪ್ರವಾಸವನ್ನು ಪಟಪಟನೆ ವರ್ಣಿಸಿತೆಂದು ನಿಶ್ಚಿಂತರಾಗುವಂತಿಲ್ಲ; ಅದನ್ನು ಆಡಿ ಆಡಿ ಗಟ್ಟಿ ಮಾಡಬೇಕಾದ ಕಾಲವೇ ಅದು.

ಹೇಗೆ ಆಡಬೇಕು ಎಂಬುದಕ್ಕೆ ನಮ್ಮ ಮನೆಯದೇ ಉದಾಹರಣೆ ಕೊಡುತ್ತೇನೆ. ಮಗಳು ಚಿಕ್ಕವಳಿದ್ದಾಗ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿಗೆ ಹೋಗಿದ್ದೆವು. ಅಂಬಿಗ ಹುಟ್ಟು ಹಾಕುವುದನ್ನು ನಿಲ್ಲಿಸಿ ದೋಣಿಯನ್ನು ತಾನಾಗಿ ತೇಲಲು ಬಿಟ್ಟಾಗ, ನಾವು ದೊಡ್ಡವರೆಲ್ಲ ಮರದ ತುಂಬ ಕುಳಿತಿದ್ದ ಬಣ್ಣದ ಕೊಕ್ಕರೆಗಳ ಕಡೆ ಕತ್ತೆತ್ತಿದ್ದೆವು. ಅವಳು ಮಾತ್ರ ಪಕ್ಕದ ಬಂಡೆಯ ಮೇಲೆ ಬಾಯಿ ಅಗಲಿಸಿಕೊಂಡು ಅಲುಗಾಡದೆ ಮಲಗಿದ್ದ ಮೊಸಳೆಯಿಂದ ಕಣ್ಣು ಕೀಳಲಿಲ್ಲ. ಅಂದು ರಾತ್ರಿ "ಮೊಸಳೆ ನೋಡಿದೆಯಾ ಪುಟ್ಟಿ?" ಎಂದು ಕೇಳಿದ್ದರೆ "ಹೂಂ" ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. "ಮೊಸಳೆ ಬಂಡೆ ಮೇಲೆ ಏನು ಮಾಡ್ತಾ ಇತ್ತು?" ಎಂದು ಅವಳಮ್ಮ ಕೇಳಿದ್ದರಿಂದ ಬಾಯಿಯ ವಿಷಯ ಬಂತು, ಬಾಯಿಯಿಂದ ಹಲ್ಲಿನ ವಿಷಯ ಬಂತು, ಯಾಕೆ ತೆರೆದಿತ್ತು ಎಂಬ ಪ್ರಶ್ನೆ ಬಂತು, ಮೈಯ ಬಿಸಿಯನ್ನು ತಗ್ಗಿಸಿಕೊಳ್ಳಲು ಮೊಸಳೆ ಹಾಗೆ ಮಾಡುತ್ತದೆ ಎಂದು ನಾನು ವಿವರಿಸಿದೆ. ಮರುದಿನ ಫೋನಿನಲ್ಲಿ ಅಜ್ಜಿಗೆ ಇಷ್ಟನ್ನೂ ಅವಳೇ ಹೇಳಿದಳು. ಹೀಗೆ ತೆರೆದ ಪ್ರಶ್ನೆ ಕೇಳುತ್ತ, ಮಗು ಹೇಳಿದ್ದಕ್ಕೆ ಒಂದಿಷ್ಟು ಸೇರಿಸುತ್ತ ಹೋಗುವ ತಂದೆತಾಯಿಯರ ಮಕ್ಕಳು ಕಳೆದದ್ದನ್ನು ಹೆಚ್ಚು ವಿವರವಾಗಿ ನೆನೆಯಬಲ್ಲರು ಎಂಬುದನ್ನು ರಾಬಿನ್ ಫಿವುಶ್ ಮತ್ತು ಎಲೇನ್ ರೀಸ್ ಅವರ ದೀರ್ಘಕಾಲದ ಸಂಶೋಧನೆ ತೋರಿಸಿದೆ.

ಮಗು ಹೇಳುವ ಕಥೆಯಲ್ಲಿ ನಾವು ಮುಖ್ಯವೆಂದುಕೊಂಡದ್ದು ಇಲ್ಲದಿರಬಹುದು. ಕೊಕ್ಕರೆ ಬಿಟ್ಟುಹೋಗಿ ದಾರಿಯಲ್ಲಿ ಮರದಡಿ ಕೂತು ತಿಂದ ಚಿತ್ರಾನ್ನ ಉಳಿದಿದ್ದರೆ ಉಳಿಯಲಿ. "ಅದಲ್ಲ, ಹಕ್ಕಿ ನೋಡಿದ್ದು ಹೇಳು" ಎಂದು ತಿದ್ದಲು ಹೊರಟರೆ ಅದು ನಮ್ಮ ನೆನಪಾಗುತ್ತದೆಯೇ ಹೊರತು ಮಗುವಿನದಾಗುವುದಿಲ್ಲ.

ಫೋಟೊ ಇದೆಯಲ್ಲ ಎನ್ನುವವರಿಗೂ ಒಂದು ಮಾತು. ಫೋಟೊ ಬೇಡವೆನ್ನುವವನು ನಾನಲ್ಲ, ಆದರೆ ಫೋನಿನಲ್ಲಿ ಬಿದ್ದಿರುವ ಸಾವಿರ ಚಿತ್ರಗಳು ಮಗುವಿಗೆ ಏನನ್ನೂ ಹೇಳುವುದಿಲ್ಲ. ನಾಲ್ಕಾರನ್ನು ಆಯ್ದು, ಕಾಗದದ ಮೇಲೆ ಮುದ್ರಿಸಿ, ಮಗುವಿನ ಕೈಗೆ ಸಿಗುವಲ್ಲಿಡಿ. ಅವನ್ನು ಹಿಡಿದುಕೊಂಡು ಅದು ಮಾತಿಗೆ ಬಂದಾಗ ಕೆಲಸ ಬದಿಗಿಟ್ಟು ಕೇಳಿ.

ಮೂರು ವರ್ಷದೊಳಗಿನವರನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕೇ ಎಂದರೆ, ಖಂಡಿತ ಬೇಡ. ನೀರು, ಮರಳು, ಗಾಳಿಯಲ್ಲಿ ಅಪ್ಪ ಅಮ್ಮನ ಜೊತೆ ಕಳೆದ ದಿನದ ಸಂತೋಷ ಆ ದಿನಕ್ಕೇ ಸಾರ್ಥಕ, ಮತ್ತು ಮನೆಯವರಿಗೂ ಆ ಬಿಡುವು ಬೇಕು. ಆದರೆ ಮುಂದೆ ನೆನಪಿರಲಿ ಎಂದೇ ಹೆಚ್ಚು ಹಣ ಹಾಕುವುದಾದರೆ ಸ್ವಲ್ಪ ಕಾಯಿರಿ. ಹಂಪಿಯನ್ನು ಏಳು ಎಂಟು ವರ್ಷಕ್ಕೆ ಇಟ್ಟುಕೊಳ್ಳಿ. ಆ ವಯಸ್ಸಿನ ಮಗು ತುಂಗಭದ್ರೆಯ ದಂಡೆಯುದ್ದಕ್ಕೆ ವಿಠ್ಠಲ ದೇವಾಲಯದವರೆಗೆ ನಡೆಯಬಲ್ಲದು, ಕಲ್ಲಿನ ರಥವನ್ನು ಕಂಡು ಕೇಳಬೇಕಾದ್ದನ್ನು ತಾನೇ ಕೇಳಬಲ್ಲದು. ಅಲ್ಲಿಯವರೆಗೆ ಹತ್ತಿರದ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವುದು ನನ್ನ ಆಯ್ಕೆ. ಮೈಸೂರು, ಮಂಡ್ಯದ ಕಡೆಯವರಾದರೆ ರಂಗನತಿಟ್ಟು ಇದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ ಹೋದರೆ, ಊರೊಳಗಿನ ಮರಗಳಲ್ಲೇ ಹೆಜ್ಜಾರ್ಲೆಗಳನ್ನು ಕಾಣಬಹುದು, ಮಗು ಬಹಳ ನಡೆಯಬೇಕಾಗಿಯೂ ಇಲ್ಲ.