ಅದೇ ಪೀಕು, ಇಬ್ರ ಕೈಲಿ ಎರಡು ನಂಬರು

ಹೋದ ವಾರ ನಮ್ಮ ಲ್ಯಾಬಲ್ಲಿ ಒಂದು ಇಂಪ್ಯೂರಿಟಿ ಮೆಥಡ್ ವ್ಯಾಲಿಡೇಶನ್ (ಔಷಧದಲ್ಲಿರೋ ಕಲ್ಮಶ ಅಳೆಯೋ ವಿಧಾನ ಸರಿಯಿದೆ ಅಂತ ಸಾಬೀತು ಮಾಡೋದು) ನಡೀತಿತ್ತು, ಎಲ್‌ಒಕ್ಯೂ, ಅಂದ್ರೆ ನಂಬಿ ಅಳೆಯಬಹುದಾದ ಅತಿ ಕಡಿಮೆ ಪ್ರಮಾಣ, 0.03% ಅಂತ ಇಟ್ಕೊಂಡಿದ್ವಿ. ಆ ಪ್ರಮಾಣದ ಒಂದೇ ಕ್ರೊಮ್ಯಾಟೋಗ್ರಾಮ್ (ಉಪಕರಣ ಬರೆಯೋ ಗ್ರಾಫು, ಅದ್ರಲ್ಲಿ ವಸ್ತು ಪೀಕಾಗಿ ಕಾಣುತ್ತೆ) ನೋಡಿ ನಾನು ಸಿಗ್ನಲ್ ಟು ನಾಯ್ಸ್, ಅಂದ್ರೆ ಲೈನಿನ ನಡುಕದ ಎಷ್ಟು ಪಟ್ಟು ಪೀಕಿದೆ ಅನ್ನೋದು, 11 ಅಂದೆ, ಹೊಸದಾಗಿ ಸೇರಿದ ಹುಡುಗ 5.5 ಅಂದ. ಇಬ್ರೂ ಲೆಕ್ಕ ತಪ್ಪಿರಲಿಲ್ಲ! ಯುಎಸ್‌ಪಿ (ಅಮೆರಿಕದ ಔಷಧ ಮಾನದಂಡದ ಪುಸ್ತಕ) ಫಾರ್ಮುಲಾದಲ್ಲಿ ಪೀಕಿನ ಎತ್ತರಾನ ಎರಡರಿಂದ ಗುಣಿಸಿ ನಾಯ್ಸಿನ ಮೇಲಿನ ತುದಿಯಿಂದ ಕೆಳಗಿನ ತುದಿವರೆಗಿನ ಅಗಲದಿಂದ ಭಾಗಿಸ್ತಾರೆ, ಅವ್ನು ಆ ಎರಡನ್ನ ಬಿಟ್ಟಿದ್ದ ಅಷ್ಟೇ. ಇನ್ನು ಸಾಫ್ಟ್‌ವೇರಲ್ಲಿ ಆರ್‌ಎಂಎಸ್ ನಾಯ್ಸ್ (ನಡುಕದ ಒಂಥರಾ ಸರಾಸರಿ) ಅಂತ ಟಿಕ್ ಮಾಡಿದ್ರೆ ಅದೇ ಪೀಕು 30ರ ಹತ್ರ ಹೋಗುತ್ತೆ, ಯಾಕಂದ್ರೆ ತುದಿಯಿಂದ ತುದಿ ಅಗಲ ಆರ್‌ಎಂಎಸ್‌ನ ಹೆಚ್ಚುಕಮ್ಮಿ ಐದಾರು ಪಟ್ಟು ಇರುತ್ತೆ. ವ್ಯಾಲಿಡೇಶನ್ನಿನ ಅಂತರರಾಷ್ಟ್ರೀಯ ಗೈಡ್‌ಲೈನ್ ಐಸಿಎಚ್ ಕ್ಯೂ2 ಎಲ್‌ಒಡಿಗೆ (ಇದೆ ಅಂತ ಗುರುತಿಸಬಹುದಾದ ಅತಿ ಕಡಿಮೆ ಪ್ರಮಾಣ) 3, ಎಲ್‌ಒಕ್ಯೂಗೆ 10 ಅನ್ನುತ್ತೆ, ಫಾರ್ಮುಲಾ ಮಾತ್ರ ಕೊಡಲ್ಲ.

ನಾಯ್ಸ್ ಎಲ್ಲಿಂದ ತಗೋತೀವಿ ಅನ್ನೋದು ಇನ್ನೊಂದು ಕಥೆ. ಬ್ಲಾಂಕಲ್ಲಿ (ಅಳೆಯೋ ವಸ್ತು ಇಲ್ಲದ ಸೊಲ್ಯೂಷನ್), ಪೀಕ್ ಬರೋ ಜಾಗದ ಅಕ್ಕಪಕ್ಕ ತಗೋಬೇಕು, ನಮ್ಮವ್ರು ಕೆಲವ್ರು ಎಲ್ಲಿ ಲೈನ್ ನೀಟಾಗಿದೆಯೋ ಅಲ್ಲಿ ಎರಡು ಸೆಕೆಂಡಿನ ತುಂಡು ಕಿತ್ಕೊಂಡು ಬರ್ತಾರೆ, ಹಂಗ್ ಮಾಡಿದ್ರೆ ಯಾರ ಎಲ್‌ಒಡಿ ಚೆನ್ನಾಗಿ ಬರಲ್ಲ ಹೇಳಿ.

ಹುಡುಗ, ಸರ್ ನಾಯ್ಸ್ ಜಗಳಾನೇ ಬೇಡ, 3.3 ಸಿಗ್ಮಾ ಬೈ ಸ್ಲೋಪ್ ಹಾಕೋಣ ಅಂದ, ಅಂದ್ರೆ ಕ್ಯಾಲಿಬ್ರೇಶನ್ ಕರ್ವಿನ ಸುತ್ತ ಅಂಕಿ ಚೆದುರೋದನ್ನ (ಸಿಗ್ಮಾ) 3.3ರಿಂದ ಗುಣಿಸಿ ಕರ್ವಿನ ಇಳಿಜಾರಿಂದ ಭಾಗಿಸಿ ಎಲ್‌ಒಡಿ ತೆಗೆಯೋದು. ಹಾಕಪ್ಪ ಅಂದೆ. ಅವ್ನು ಅಸ್ಸೇಯ (ಮುಖ್ಯ ಔಷಧ ಎಷ್ಟಿದೆ ಅಂತ ಅಳೆಯೋ ಟೆಸ್ಟು) 50ರಿಂದ 150% ಕರ್ವ್ ತಗೊಂಡ, ಸಿಗ್ಮಾ ಬೈ ಸ್ಲೋಪ್ 1% ಬಂತು, ಎಲ್‌ಒಡಿ 3.3%! 0.05% ದಾಟಿದ್ರೆ ರಿಪೋರ್ಟ್ ಮಾಡ್ಬೇಕಾದ ಇಂಪ್ಯೂರಿಟಿಗೆ ಇದ್ಯಾವ ಲೆಕ್ಕ. ದೊಡ್ಡ ಕಾನ್ಸಂಟ್ರೇಶನ್ ಹತ್ರ ಚೆದುರೋದೇ ಜಾಸ್ತಿ, ಅದನ್ನ ಕೆಳಗಡೆ ತಂದು ಹಚ್ಚೋಕಾಗಲ್ಲ, ಕರ್ವನ್ನೇ ಎಲ್‌ಒಕ್ಯೂ ಆಸುಪಾಸಲ್ಲಿ ಹಾಕ್ಬೇಕು.

ಕೊನೆಗೆ 0.03% ಸೊಲ್ಯೂಷನ್ ಆರು ಸಲ ಇಂಜೆಕ್ಟ್ ಮಾಡಿದ್ವಿ, ಆರ್‌ಎಸ್‌ಡಿ (ಆರು ಅಂಕಿ ಸರಾಸರಿಯ ಸುತ್ತ ಶೇಕಡಾ ಎಷ್ಟು ಚೆದುರಿವೆ ಅನ್ನೋದು) 6 ಚಿಲ್ರೆ, ನಮ್ಮ ಪ್ರೋಟೋಕಾಲಲ್ಲಿ 10ರ ಒಳಗೆ ಇದ್ರೆ ಪಾಸು. ಖುಷಿಯಾಗಿ ಟೀ ಕುಡಿಯೋಕೆ ಹೊರಟಾಗ ಸುಮ್ನೆ ಇರ್ಲಿ ಅಂತ ಅದೇ ವಯಲ್ನ ಪಕ್ಕದ ಹಳೇ ಸಿಸ್ಟಂಗೆ ಹಾಕ್ದೆ. ಅದೇ ಫಾರ್ಮುಲಾ, ಸಿಗ್ನಲ್ ಟು ನಾಯ್ಸ್ 6 ಬಂತು. ನೋಡಿದ್ರೆ ಅದರ ಡ್ಯುಟೀರಿಯಂ ಲ್ಯಾಂಪ್ (ಡಿಟೆಕ್ಟರಿಗೆ ಬೆಳಕು ಕೊಡೋದು, ಹಳೇದಾದಂಗೆ ನಾಯ್ಸ್ ಜಾಸ್ತಿ) 1800 ಗಂಟೆ ದಾಟಿದೆ, ನಾವು ಮಾಡಿದ್ದು ಹೊಸ ಲ್ಯಾಂಪಲ್ಲಿ. ನಾಳೆ ಈ ಟೆಸ್ಟ್ ಮಾಡೋ ಕ್ಯೂಸಿಯವ್ರಿಗೆ (ಗುಣಮಟ್ಟ ಪರೀಕ್ಷೆಯವ್ರು) ಸಿಗೋದು ಆ ಹಳೇದೇ. ಎಲ್‌ಒಕ್ಯೂ 0.05%ಗೆ ಏರಿಸಿ ಮತ್ತೆ ಆರು ಇಂಜೆಕ್ಷನ್ ಹಾಕಿದ್ವಿ, ಹಳೇ ಸಿಸ್ಟಮಲ್ಲೂ 10 ಮುಟ್ತು. ಟೀ ಅಷ್ಟೊತ್ತಿಗೆ ಖಾಲಿ.