ಈ ವಾರದ ಫೋಟೋ ಥೀಮ್: ನೀಲಿ
ಬೆಂಗಳೂರಿನವ್ರೇ ಆರಿಸಿರ್ಬೇಕು, ತೀರ್ಥಹಳ್ಳಿ ಕಡೆ ಆಷಾಢದಲ್ಲಿ ಆಕಾಶ ಎಲ್ಲಿ ಕಾಣತ್ತೆ ಮಾರಾಯ್ರೆ, ಟಾರ್ಪಾಲ್ ಒಂದೇ ನೀಲಿ ಅನ್ಕೊಂಡು ತೋಟಕ್ಕಿಳಿದ್ರೆ ಅಲ್ಲಿ ಅಡಿಕೆಗೆ ಕೊಳೆ (ಮಳೆಗೆ ಕಾಯಿ ಕೊಳೆತು ಉದುರೋ ರೋಗ) ಔಷಧಿ ಕಲಸ್ತಿದ್ರು.

100 ಲೀಟರ್ ನೀರು, 1 ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್), 1 ಕೆಜಿ ಸುಣ್ಣ. ತುತ್ತದ ನೀರನ್ನ ಸುಣ್ಣದ ನೀರಿಗೆ ಹುಯ್ಯುವಾಗ ಡ್ರಮ್ಮಲ್ಲಿ ಏಳೋ ಆ ಬಣ್ಣ... ಯಾವ ಫಿಲ್ಟರಲ್ಲೂ ಇಲ್ಲ ಬಿಡಿ.

ಮರ ಹತ್ತಿ ಔಷಧಿ ಹೊಡೆಯೋ ಕೊನೆಗಾರಣ್ಣ ಕತ್ತಿ ಅದ್ದಿ ನೋಡಿದ್ರು. ಅದ್ರ ಮೇಲೆ ಕೆಂಪಗೆ ತಾಮ್ರ ಕೂತ್ರೆ ಸುಣ್ಣ ಸಾಲ್ದು ಅಂತ ಲೆಕ್ಕ. ನಾನು ಕ್ಲಿಕ್ ಮಾಡಿದ್ದು ಅವ್ರ ಉಗುರನ್ನ. ಸಂದಿಸಂದಿಲೂ ನೀಲಿ, ಚರ್ಮದ ಬಿರುಕಲ್ಲೂ.

"ಎಂತ ಸೋಪು ಹಾಕಿದ್ರೂ ಹೋಗಲ್ಲ ಇದು."

ನೀಲಿ ಅಂದ್ರೆ ಶಾಂತ ಮೂಡ್ ಅಂತಾರಲ್ಲ, ಇಲ್ಲಿ ಅದು ಕೊಳೆ ಬಂದ್ರೆ ಏನ್ ಗತಿ ಅನ್ನೋ ಗಾಬರಿ ಬಣ್ಣ.

ಮುಂದಿನ ವಾರ 'ಬಿಸಿಲು' ಅಂತೆ. ಬಯಲುಸೀಮೆಯವ್ರು ಯಾರಾದ್ರೂ ಸ್ವಲ್ಪ ಸಾಲ ಕೊಡಿ.