ಈಗ ಏನು ಓದ್ತಿದ್ದೀಯ?

ನಮ್ಮ ಕಾಲೇಜಿನ ಲೈಬ್ರರಿ ಕೌಂಟರಿನ ಮೇಲೆ ಇಶ್ಯೂ ರಿಜಿಸ್ಟರಿನ ಪಕ್ಕದಲ್ಲಿ ಇನ್ನೊಂದು ಉದ್ದನೆಯ ನೋಟ್‌ಬುಕ್ ಇರುತ್ತಿತ್ತು. ಈಗಿನ ವಿದ್ಯಾರ್ಥಿಗಳಿಗೆ ಅದರ ವಿಷಯ ಗೊತ್ತಿರಲಿಕ್ಕಿಲ್ಲ. ರಟ್ಟಿನ ಮೇಲೆ ಲೈಬ್ರೇರಿಯನ್ ಸರ್ ದಪ್ಪ ಅಕ್ಷರದಲ್ಲಿ ಬರೆದಿದ್ದರು: 'ಈಗ ಏನು ಓದುತ್ತಿದ್ದೀರಿ?' ಒಳಗೆ ಸ್ಕೇಲು ಇಟ್ಟು ಎಳೆದ ಗೆರೆಗಳು. ಹೆಸರು, ತರಗತಿ, ಪುಸ್ತಕ, ಎಷ್ಟನೇ ಪುಟ. ಆಮೇಲೆ ಒಂದು ಅಗಲವಾದ ಕಾಲಂ, ಅದಕ್ಕೆ ತಲೆಬರಹವೇ ಇಲ್ಲ. ಪೆನ್ನನ್ನು ದಾರದಿಂದ ಕಟ್ಟಿದ್ದರು. ದಾರ ಉಳಿಯುತ್ತಿತ್ತು, ಪೆನ್ನು ಮಾತ್ರ ಆಗಾಗ ಮಾಯವಾಗುತ್ತಿತ್ತು.

ಆ ನೋಟ್‌ಬುಕ್ಕಿಗೆ ಒಂದೇ ನಿಯಮ. 'ಚೆನ್ನಾಗಿದೆ' ಅಂತ ಬರೆಯುವಂತಿಲ್ಲ. 'ಎಲ್ಲರೂ ಓದಲೇಬೇಕಾದ ಪುಸ್ತಕ' ಅನ್ನೋದಂತೂ ಬೇಡವೇ ಬೇಡ. ಯಾರಾದರೂ ಹಾಗೆ ಬರೆದರೆ ಸರ್ ಕೆಂಪು ಪೆನ್ಸಿಲಿನಲ್ಲಿ ಪಕ್ಕಕ್ಕೆ 'ಏನು ಚೆನ್ನಾಗಿದೆ?' ಅಂತ ಬರೆದು ಬಿಡುತ್ತಿದ್ದರು. ಮಾರನೇ ದಿನ ನೋಡಿದರೆ ನಾಚಿಕೆ ಆಗುತ್ತಿತ್ತು. ಏನು ಬರೆಯಬೇಕು ಹಾಗಾದರೆ? ಓದ್ತಾ ಇರುವಾಗ ತಲೆಯಲ್ಲಿ ಏನು ನಡೀತಿದೆಯೋ ಅದು. ಸಿಟ್ಟು ಬಂದಿದ್ದರೆ ಸಿಟ್ಟು. ಅರ್ಥ ಆಗಿಲ್ಲದಿದ್ದರೆ ಅದೂ ಸರಿ.

ಕೆಲವು ಸಾಲುಗಳು ನನಗೆ ಇವತ್ತಿಗೂ ಬಾಯಿಪಾಠ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದುತ್ತಿದ್ದ ನಮ್ಮ ಕ್ಲಾಸಿನ ಹುಡುಗನೊಬ್ಬ ಬರೆದಿದ್ದ: 'ಪುಟ 40. ಯಾರು ಯಾರಿಗೆ ಏನಾಗಬೇಕು ಇನ್ನೂ ಗೊತ್ತಾಗಿಲ್ಲ. ಬಿಡೋಕೂ ಮನಸ್ಸಿಲ್ಲ.' ಅದರ ಕೆಳಗೆ ಬೇರೆ ಇಂಕಿನಲ್ಲಿ, ಬೇರೆ ಅಕ್ಷರದಲ್ಲಿ: 'ಹೆಸರುಗಳನ್ನ ಒಂದು ಚೀಟಿಯಲ್ಲಿ ಬರ್ಕೊ. ಆ ಚೀಟಿನೇ ಬುಕ್‌ಮಾರ್ಕ್ ಮಾಡ್ಕೊ. ನೂರನೇ ಪುಟದ ಹೊತ್ತಿಗೆ ಚೀಟಿ ನೋಡೋದನ್ನ ಮರೆತುಬಿಡ್ತೀಯ.' ಅಷ್ಟೇ. ಕಥೆ ಏನು ಅಂತ ಒಂದು ಮಾತೂ ಇಲ್ಲ, ಹೊಗಳಿಕೆಯೂ ಇಲ್ಲ. 1967ರಲ್ಲಿ ಬಂದ ಆ ದಪ್ಪ ಕಾದಂಬರಿಯನ್ನು ನೋಡಿಯೇ ಹೆದರಿ ವಾಪಸ್ ಇಡುತ್ತಿದ್ದ ನನ್ನಂಥವಳ ಕೈಗೆ ಅದು ಬಂದದ್ದು ಈ ಎರಡು ಸಾಲುಗಳಿಂದ. ಚೀಟಿ ನಾನೂ ಮಾಡಿಕೊಂಡೆ.

ಇನ್ನೊಬ್ಬಳು ಶಿವರಾಮ ಕಾರಂತರ 'ಮೂಕಜ್ಜಿಯ ಕನಸುಗಳು' ಹಿಡಿದಿದ್ದಳು. ಆ ಕಾದಂಬರಿಯ ಅಜ್ಜಿಗೆ ಒಂದು ಹಳೆಯ ವಸ್ತು ಕೈಗೆ ಸಿಕ್ಕರೆ ಅದರ ಹಿಂದಿನ ಕಾಲ ಕಣ್ಣಿಗೆ ಕಟ್ಟುತ್ತೆ. ಇವಳು ಬರೆದಿದ್ದು: 'ನಮ್ಮಜ್ಜಿಗೆ ಈ ವಿಷಯ ಹೇಳಿದೆ. ಅದರಲ್ಲೇನಿದೆ ವಿಶೇಷ ಅಂದು ತಮ್ಮ ಹಳೇ ಪೆಟ್ಟಿಗೆ ತೆಗೆದರು. ನಿನ್ನೆ ಓದು ಮುಂದೆ ಹೋಗಲೇ ಇಲ್ಲ.' ಆ ವಾರ ಆ ಪುಸ್ತಕಕ್ಕೆ ಕ್ಯೂ ಬಿತ್ತು. 1968ರ ಪುಸ್ತಕ, ಕಾರಂತರಿಗೆ 1977ರಲ್ಲಿ ಜ್ಞಾನಪೀಠ ಬಂದದ್ದು ಇದಕ್ಕೇ. ಪ್ರಶಸ್ತಿಯ ಸಂಗತಿ ನಮಗೆಲ್ಲ ಗೊತ್ತಿತ್ತು, ಪರೀಕ್ಷೆಗೆ ಒಂದು ಅಂಕದ ಪ್ರಶ್ನೆಯಾಗಿ. ಅದನ್ನು ನೋಡಿ ಯಾರೂ ಪುಸ್ತಕ ತೆಗೆದುಕೊಂಡು ಹೋಗಿರಲಿಲ್ಲ.

ಹಾಗಾಗಿ ನನ್ನದೊಂದು ಅಭಿಪ್ರಾಯ ಗಟ್ಟಿಯಾಗಿದೆ. ಓದಿ ಮುಗಿಸಿದವರ ಶಿಫಾರಸಿಗಿಂತ ಓದುತ್ತಾ ಇರುವವರ ವರದಿ ವಾಸಿ. ಮುಗಿಸಿದ ಮೇಲೆ ನಾವೆಲ್ಲ ಸ್ವಲ್ಪ ವಿಮರ್ಶಕರಾಗಿಬಿಡುತ್ತೇವೆ. ಬೇಸರ ಬಂದ ಪುಟಗಳು ಮರೆತುಹೋಗುತ್ತವೆ. 'ಅದ್ಭುತ' ಅನ್ನೋ ಪದ ಬಂದು ಕೂರುತ್ತದೆ. 'ನಿಮ್ಮ ಮೆಚ್ಚಿನ ಹತ್ತು ಪುಸ್ತಕ ಹೇಳಿ' ಅಂದರಂತೂ ಯಾರೂ ಪೂರ್ತಿ ನಿಜ ಹೇಳೋದಿಲ್ಲ. ನಾಲ್ಕು ಜನ ಮೆಚ್ಚುವಂಥ ಹೆಸರುಗಳು ತಾವಾಗಿಯೇ ಮುಂದೆ ಬರುತ್ತವೆ. ಆದರೆ 'ಈಗ ಏನು ಓದ್ತಿದ್ದೀಯ, ಎಲ್ಲಿದ್ದೀಯ' ಅಂತ ಕೇಳಿ ನೋಡಿ. ದಿಂಬಿನ ಪಕ್ಕ ಇರುವ ಪುಸ್ತಕದ ಹೆಸರೇ ಬಾಯಿಗೆ ಬರುತ್ತೆ. ಅದು ಪತ್ತೇದಾರಿ ಕಾದಂಬರಿಯಾಗಿದ್ದರೆ ಪತ್ತೇದಾರಿಯೇ.

ನೋಟ್‌ಬುಕ್ಕಿನ ಜೊತೆಗೆ ನಮಗೆ ಇನ್ನೊಂದು ಗುಟ್ಟಿನ ದಾರಿ ಇತ್ತು. ಕಂಪ್ಯೂಟರ್ ಬರುವ ಮೊದಲು ಓದಿದವರಿಗೆ ನೆನಪಿರಬೇಕು. ಪುಸ್ತಕದ ಕೊನೆಯ ರಟ್ಟಿನ ಒಳಗೆ ಒಂದು ಕಾಗದದ ಜೇಬು, ಜೇಬಿನಲ್ಲಿ ಬುಕ್ ಕಾರ್ಡ್. ಎದುರು ಪುಟದಲ್ಲಿ ಡ್ಯೂ ಡೇಟ್ ಚೀಟಿ, ನೇರಳೆ ಬಣ್ಣದ ಸೀಲಿನ ತಾರೀಕುಗಳು, ಅರ್ಧಕ್ಕರ್ಧ ಓರೆಯಾಗಿ ಬಿದ್ದವು. ಪುಸ್ತಕ ಒಯ್ಯುವಾಗ ಕಾರ್ಡಿನ ಮೇಲೆ ಹೆಸರು, ಕ್ಲಾಸು ಬರೆದು ಕೊಡಬೇಕು. ಅಂದರೆ ನಮಗಿಂತ ಮೊದಲು ಯಾರು ಯಾರು ಓದಿದ್ದಾರೆ ಅನ್ನೋದು ಅಲ್ಲೇ ಕಾಣುತ್ತಿತ್ತು.

ನಾನೂ ನನ್ನ ಗೆಳತಿಯೂ ಹೀಗೆ ಒಬ್ಬರ ಬೆನ್ನು ಹತ್ತಿದೆವು. ಹಸಿರು ಇಂಕು, ಸಣ್ಣ ಅಕ್ಷರ, ಹೆಸರಿನ ಬದಲು ಬರೀ ಇನಿಶಿಯಲ್ಲು. ನಮಗಿಂತ ಕೆಲವು ವರ್ಷ ಹಿರಿಯರು. ಹುಡುಗನೋ ಹುಡುಗಿಯೋ ಅದೂ ಗೊತ್ತಿಲ್ಲ. ನಮಗೆ ಹಿಡಿಸಿದ ಪುಸ್ತಕದ ಕಾರ್ಡ್ ತೆಗೆದರೆ ಅಲ್ಲಿ ಹಸಿರು ಇಂಕು ಇರುತ್ತಿತ್ತು. ಆಮೇಲೆ ಉಲ್ಟಾ ಶುರುಮಾಡಿದೆವು. ಸಾಲಾಗಿ ಕಾರ್ಡ್ ತೆಗೆದು ನೋಡೋದು, ಹಸಿರು ಇಂಕು ಕಂಡರೆ ಆ ಪುಸ್ತಕ ಒಯ್ಯೋದು. ಪ್ರವಾಸ ಕಥನ, ಅನುವಾದದ ರಷ್ಯನ್ ಕಥೆಗಳು, ಜೇಡಗಳ ಬಗ್ಗೆ ಒಂದು ಪುಸ್ತಕ, ಹೀಗೆ ಏನೇನೋ. ಪದ್ಯದ ಸಾಲಿನಲ್ಲಿ ಮಾತ್ರ ಹಸಿರು ಇಂಕು ಒಂದೂ ಸಿಗಲಿಲ್ಲ. ಅದು ನಮಗೆ ಬಹಳ ದಿನ ಚರ್ಚೆಯ ವಿಷಯವಾಗಿತ್ತು. ಆ ವ್ಯಕ್ತಿಯನ್ನು ನಾವು ನೋಡಲೇ ಇಲ್ಲ.

ಈಗ ಆ ಕಾರ್ಡುಗಳಿಲ್ಲ. ಯಾರು ಏನು ಓದಿದರು ಅನ್ನೋದು ಅವರವರ ಖಾಸಗಿ ವಿಷಯ, ಎಲ್ಲರ ಕಣ್ಣಿಗೂ ಬೀಳಬಾರದು ಅನ್ನೋದು ಸರಿಯೇ. ಒಪ್ಪುತ್ತೇನೆ. ಆದರೂ ಬಾರ್‌ಕೋಡ್ ಅಂಟಿಸಿದ ಪುಸ್ತಕ ಕೈಗೆ ಬಂದಾಗ ಕೊನೆಯ ಪುಟ ತಿರುಗಿಸಿ ನೋಡುವ ಚಾಳಿ ನನಗೆ ಹೋಗಿಲ್ಲ.

ಲೈಬ್ರರಿಯ ಕಪಾಟುಗಳಿಗೂ ಅವುಗಳದೇ ಒಂದು ಲೆಕ್ಕಾಚಾರ ಇದೆ. ನಮ್ಮಲ್ಲಿದ್ದದ್ದು ವಿಷಯಕ್ಕೊಂದು ನಂಬರು ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ದಶಮಾಂಶ ಪದ್ಧತಿ, ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ್ದು. ಅದರಲ್ಲಿ ಕನ್ನಡ ಸಾಹಿತ್ಯದ ನಂಬರು 894.814. ಪ್ರಾಣಿಗಳದ್ದು 590ರ ಆಸುಪಾಸು. ಎರಡರ ನಡುವೆ ಇಡೀ ಒಂದು ಹಾಲ್ ಅಡ್ಡ. ಸೈನ್ಸ್ ಹುಡುಗರು ಆ ಕಡೆಯ ಬಾಗಿಲಿನಿಂದ ಬಂದು ಆ ಕಡೆಯಿಂದಲೇ ಹೋಗುತ್ತಿದ್ದರು. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಈ ತುದಿಯಲ್ಲಿ, ಕಾದಂಬರಿಗಳ ಸಾಲಿನಲ್ಲಿ ಕೂತಿತ್ತು. 1980ರ ಕಾದಂಬರಿ. ಜೇನು, ಕಾಡು, ಹಾರುವ ಓತಿಯ ಹುಡುಕಾಟ ಎಲ್ಲ ಅದರಲ್ಲಿದೆ. ಜೀವಶಾಸ್ತ್ರ ಓದುವವನಿಗೆ ಇದಕ್ಕಿಂತ ಬೇಕಾದ ಪುಸ್ತಕ ಇನ್ಯಾವುದು? ಆದರೆ ಅವನು ಈ ಸಾಲಿಗೆ ಬರೋದೇ ಇಲ್ಲವಲ್ಲ. ನೋಟ್‌ಬುಕ್ಕಿನಲ್ಲಿ ಯಾರೋ ಬರೆದರು: 'ಜುವಾಲಜಿಯವರೇ, ಹಾರುವ ಓತಿ ನಮ್ಮ ಕಡೆ ಇದೆ.' ಅವತ್ತು ಮಧ್ಯಾಹ್ನ ಆ ಕಡೆಯವರು ನಮ್ಮ ಸಾಲಿಗೆ ಬಂದರು. ಬಂದವರು ಸುಮ್ನೆ ಹೋಗಲಿಲ್ಲ, ಪಕ್ಕದ ನಾಲ್ಕು ಪುಸ್ತಕವನ್ನೂ ತೆಗೆದು ನೋಡಿದರು. ಕಪಾಟು ಒಂದೇ ಜಾತಿಯ ಪುಸ್ತಕಗಳನ್ನು ಒಟ್ಟಿಗೆ ಇಡುತ್ತೆ. ಸ್ನೇಹಿತರು ಕೊಡುವ ಸಲಹೆ ಆ ಗೆರೆ ದಾಟಿಸುತ್ತೆ.

ಈ ನೋಟ್‌ಬುಕ್ಕಿನ ಯೋಚನೆ ಎಲ್ಲಿಂದ ಬಂತು ಸರ್ ಅಂತ ಒಮ್ಮೆ ಕೇಳಿದ್ದೆ. ಅವರು ಎಸ್.ಆರ್. ರಂಗನಾಥನ್ ಅವರ ಹೆಸರು ಹೇಳಿದರು. ಗಣಿತದ ಮೇಷ್ಟ್ರಾಗಿದ್ದ ರಂಗನಾಥನ್ 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರೇರಿಯನ್ ಆದರು. ಹೊಸತರಲ್ಲಿ ಈ ಒಂಟಿತನ ಸಾಕಪ್ಪಾ ಅಂತ ವಾಪಸ್ ಪಾಠ ಮಾಡೋಕೆ ಹೊರಟಿದ್ದರಂತೆ. ಕಡೆಗೆ ಬದುಕಿಡೀ ಇದೇ ಕೆಲಸ ಮಾಡಿದರು. ಕೊನೆಯ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಇದ್ದರು, 1972ರಲ್ಲಿ ತೀರಿಕೊಂಡರು. ಗ್ರಂಥಾಲಯಕ್ಕೆ ಅವರು ಕೊಟ್ಟ ಐದು ಸೂತ್ರಗಳು 1931ರಲ್ಲಿ ಪುಸ್ತಕವಾಗಿ ಬಂದವು. ಪುಸ್ತಕ ಇರೋದು ಬಳಸೋಕೆ ಅನ್ನೋದು ಮೊದಲನೆಯದು. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಅನ್ನೋದು ಎರಡನೆಯದು. ಸರ್‌ಗೆ ಇಷ್ಟವಾದದ್ದು ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು. 'ಎರಡನೆಯದನ್ನ ನಾನು ಕೌಂಟರಲ್ಲಿ ಕೂತು ಮಾಡಬಲ್ಲೆ. ಮೂರನೆಯದು ನಿಮ್ಮಿಂದಲೇ ಆಗಬೇಕು. ಯಾವ ಪುಸ್ತಕ ಯಾರಿಗಾಗಿ ಕಾಯ್ತಿದೆ ಅಂತ ನನಗೆ ಹೇಗೆ ಗೊತ್ತಾಗುತ್ತೆ?' ಅಂದರು. ಅವರು ಡ್ಯೂ ಡೇಟ್ ಚೀಟಿ ಖಾಲಿ ಇರುವ ಪುಸ್ತಕಗಳನ್ನು ಆಗಾಗ ಆರಿಸಿ ಕೌಂಟರಿನ ಮೇಲೆ ಇಡುತ್ತಿದ್ದದ್ದು ಯಾಕೆ ಅಂತ ಅವತ್ತು ಗೊತ್ತಾಯಿತು.

ಶಿಫಾರಸು ಮಾಡೋದರಲ್ಲೂ ಒಂದು ಹದ ಇದೆ. ಸರ್ ಯಾವತ್ತೂ ನೇರವಾಗಿ ಪುಸ್ತಕದ ಹೆಸರು ಹೇಳುತ್ತಿರಲಿಲ್ಲ. ಮೊದಲು ಎರಡು ಪ್ರಶ್ನೆ ಕೇಳುತ್ತಿದ್ದರು. ಈಚೆಗೆ ಯಾವುದನ್ನ ನಿದ್ದೆಗೆಟ್ಟು ಓದಿದೆ? ಯಾವುದನ್ನ ಅರ್ಧಕ್ಕೆ ಬಿಟ್ಟೆ? ಎರಡನೇ ಪ್ರಶ್ನೆಗೆ ನಾವು ತಡವರಿಸುತ್ತಿದ್ದೆವು. ಅದೇ ಅವರಿಗೆ ಜಾಸ್ತಿ ಉಪಯೋಗಕ್ಕೆ ಬರುತ್ತಿತ್ತು ಅಂತ ನನ್ನ ಊಹೆ. ವರ್ಣನೆ ಉದ್ದವಾಯಿತು ಅಂತ ಬಿಟ್ಟವನಿಗೆ ಮಾತುಕತೆಯೇ ತುಂಬಿರುವ ಕಥೆ ಕೊಡಬಹುದು. ದುಃಖ ಜಾಸ್ತಿಯಾಯಿತು ಅಂತ ಬಿಟ್ಟವಳಿಗೆ ಬೇರೆ. ಊಟ ಬಡಿಸುವವರು ಎಲೆ ನೋಡಿ ಬಡಿಸಬೇಕು, ಅಲ್ವಾ? ತನಗೆ ಇಷ್ಟವಾದದ್ದನ್ನೇ ಎಲ್ಲರ ಮೇಲೂ ಹೇರುವ ಒಬ್ಬ ಸ್ನೇಹಿತ ನಮ್ಮ ಗುಂಪಿನಲ್ಲೂ ಇದ್ದ. ಸಿಕ್ಕಾಗೆಲ್ಲ 'ಓದಿದ್ಯಾ? ಇನ್ನೂ ಓದಿಲ್ವಾ?' ಅವನನ್ನು ಕಂಡರೆ ನಾವು ಕಾರಿಡಾರಿನಲ್ಲೇ ದಿಕ್ಕು ಬದಲಾಯಿಸುತ್ತಿದ್ದೆವು. ಅವನು ಹೇಳುತ್ತಿದ್ದದ್ದು ಒಳ್ಳೆಯ ಪುಸ್ತಕವೇ. ಆದರೂ ಬೇಡ ಅನ್ನಿಸುತ್ತಿತ್ತು.

ಅರ್ಧಕ್ಕೆ ಬಿಡುವ ಬಗ್ಗೆ ಇನ್ನೊಂದು ಮಾತು. ಶುರುಮಾಡಿದ ಪುಸ್ತಕ ಮುಗಿಸಲೇಬೇಕು ಅನ್ನೋ ಹಟ ನಮ್ಮಲ್ಲಿ ಬಹಳ ಜನಕ್ಕೆ ಇತ್ತು. ನನಗೂ ಇತ್ತು. ಆಮೇಲೆ ಎಲ್ಲೋ ನ್ಯಾನ್ಸಿ ಪರ್ಲ್ ಅನ್ನುವ ಅಮೆರಿಕದ ಲೈಬ್ರೇರಿಯನ್ನರ ಒಂದು ನಿಯಮ ಓದಿದೆ. ಐವತ್ತು ಪುಟ ಓದಿ, ಹಿಡಿಸದಿದ್ದರೆ ಬಿಡಿ. ವಯಸ್ಸು ಐವತ್ತು ದಾಟಿದ್ದರೆ ನೂರರಲ್ಲಿ ನಿಮ್ಮ ವಯಸ್ಸು ಕಳೆಯಿರಿ, ಉಳಿದಷ್ಟು ಪುಟ ಓದಿದರೆ ಸಾಕು. ನಮ್ಮ ಬ್ಯಾಚಿನವರೆಲ್ಲ ಈಗ ಐವತ್ತರ ಆಚೆ ಇದ್ದೇವೆ. ಪ್ರತಿ ಹುಟ್ಟುಹಬ್ಬಕ್ಕೂ ಒಂದೊಂದು ಪುಟದ ರಿಯಾಯಿತಿ! ನೂರು ತುಂಬಿದವರು ರಕ್ಷಾಪುಟ ನೋಡಿಯೇ ತೀರ್ಮಾನ ಮಾಡಬಹುದು. ಇಷ್ಟಾದರೂ ಇದನ್ನು ನಾನು ಕಣ್ಣು ಮುಚ್ಚಿ ಪಾಲಿಸೋದಿಲ್ಲ. 'ಮಲೆಗಳಲ್ಲಿ ಮದುಮಗಳು' ಐವತ್ತು ಪುಟದಲ್ಲಿ ತನ್ನನ್ನು ಬಿಟ್ಟುಕೊಡುವ ಪುಸ್ತಕ ಅಲ್ಲ. ಚೀಟಿ ಬರೆದುಕೋ ಅಂತ ಹೇಳುವ ಒಬ್ಬರು ಪಕ್ಕದಲ್ಲಿದ್ದರೆ ಇನ್ನೂ ಐವತ್ತು ಓದಬಹುದು.

ಪುಸ್ತಕ ಎರವಲು ಕೊಡುವ ವಿಷಯ ಬೇಡ. ಅದನ್ನು ಶುರುಮಾಡಿದರೆ ಈ ಲೇಖನ ಬಾಕಿ ವಸೂಲಿಯ ಪಟ್ಟಿಯಾಗುತ್ತೆ.

ಕಾಲೇಜು ಬಿಟ್ಟ ಮೇಲೂ ನಾವು ಐದಾರು ಜನ ಈ ಅಭ್ಯಾಸ ಉಳಿಸಿಕೊಂಡಿದ್ದೇವೆ. ಮೊದಲು ಇನ್‌ಲ್ಯಾಂಡ್ ಲೆಟರಿನ ಅಂಚಿನಲ್ಲಿ, ಈಗ ಫೋನಿನಲ್ಲಿ, ವರ್ಷಕ್ಕೆ ಒಂದೆರಡು ಸಲ ಎದುರಾ ಬದುರಾ ಕೂತು. ಮಕ್ಕಳು, ಬಿಪಿ, ಮಂಡಿನೋವಿನ ಸುದ್ದಿ ಮುಗಿದ ಕೂಡಲೇ ಯಾರಾದರೂ ಕೇಳುತ್ತಾರೆ, ಈಗ ಏನು ನಡೀತಿದೆ? ಆಗ ಬ್ಯಾಗುಗಳಿಂದ ಪುಸ್ತಕಗಳು ಹೊರಗೆ ಬರುತ್ತವೆ. ಒಬ್ಬನ ಬ್ಯಾಗಿನಿಂದ ಬರೀ ಇಯರ್‌ಫೋನ್ ಬರುತ್ತೆ. ಅವನು ಈಗ ಕಥೆ ಕೇಳುತ್ತಾನೆ, ಓದೋದಿಲ್ಲ. ಅದನ್ನು ಓದು ಅನ್ನಬಹುದಾ ಅಂತ ಪ್ರತಿ ಸಲವೂ ಜಗಳ. ನಾನು ಅನ್ನಬಹುದು ಅನ್ನುವ ಪಕ್ಷ. ಅವನಿಗೆ ಕಣ್ಣಿನ ತೊಂದರೆ ಶುರುವಾಗಿದೆ ಅನ್ನೋದಕ್ಕಲ್ಲ, ನಾವು ಮರೆತ ಸಣ್ಣ ಸಣ್ಣ ವಿವರಗಳು ಅವನಿಗೆ ನೆನಪಿರುತ್ತವೆ.

ಹೋದ ಸಲ ಪೂರಾ ಬಾನು ಮುಷ್ತಾಕ್ ಅವರ ಕಥೆಗಳದ್ದೇ ಮಾತು. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದ 'ಹಾರ್ಟ್ ಲ್ಯಾಂಪ್' ಅವರ ಬೇರೆ ಬೇರೆ ಸಂಕಲನಗಳಿಂದ ಆರಿಸಿದ 12 ಕಥೆಗಳು, ದೀಪಾ ಭಾಸ್ತಿ ಇಂಗ್ಲಿಷಿಗೆ ತಂದದ್ದು. ನಮ್ಮಲ್ಲಿ ಒಬ್ಬಳು ಮೊದಲು ಇಂಗ್ಲಿಷಿನಲ್ಲಿ ಓದಿ ಆಮೇಲೆ ಕನ್ನಡದ ಮೂಲ ಹುಡುಕಿಕೊಂಡು ಹೋದಳು. ಇನ್ನೊಬ್ಬಳು ಈ ಕಥೆಗಳಲ್ಲಿ ಕೆಲವನ್ನು ಎಷ್ಟೋ ವರ್ಷ ಹಿಂದೆಯೇ ಓದಿದ್ದಳು. ಪ್ರಶಸ್ತಿ ಬಂದ ಮೇಲೆ ಎಲ್ಲರೂ ಈಗ ಕಂಡುಹಿಡಿದವರ ಹಾಗೆ ಮಾತಾಡ್ತಾರಲ್ಲ ಅಂತ ಅವಳಿಗೆ ಸ್ವಲ್ಪ ಮುನಿಸು. ನಾನು ಇನ್ನೂ ನಾಲ್ಕನೇ ಕಥೆಯಲ್ಲಿದ್ದೆ. ಹಾಗಾಗಿ ಇಬ್ಬರೂ ನನ್ನನ್ನು ತಮ್ಮ ತಮ್ಮ ಕಡೆಗೆ ಎಳೆದರು. ಒಂದು ಮಾತ್ರ ಇಬ್ಬರೂ ಒಪ್ಪಿದರು, ದಿನಕ್ಕೆ ಒಂದಕ್ಕಿಂತ ಹೆಚ್ಚು ಕಥೆ ಓದಬೇಡ ಅಂತ.

ಮುಂದಿನ ಸಲಕ್ಕೆ ಎಸ್.ಎಲ್. ಭೈರಪ್ಪನವರ 'ಪರ್ವ' ಅಂತ ತೀರ್ಮಾನವಾಗಿದೆ. ಮಹಾಭಾರತವನ್ನು ಪವಾಡಗಳಿಲ್ಲದೆ, ಮನುಷ್ಯರ ಕಥೆಯಾಗಿ ಹೇಳುವ 1979ರ ಕಾದಂಬರಿ. ಮೂವರಿಗೆ ಇದು ಎರಡನೇ ಓದು, ಉಳಿದವರಿಗೆ ಮೊದಲನೆಯದು. ಇಯರ್‌ಫೋನಿನವನು ಎಷ್ಟು ಗಂಟೆ ಆಗುತ್ತೆ ಅಂತ ಈಗಲೇ ಕೇಳುತ್ತಿದ್ದಾನೆ. ಇನ್ನೊಬ್ಬಳು ಅಷ್ಟು ದಪ್ಪದ್ದು ಬೇಡ್ವೇ, ಬೇಕಾದರೆ ಕರ್ವಾಲೊ ಮತ್ತೆ ಓದೋಣ ಅಂತ ಎಲ್ಲರಿಗೂ ಬೇರೆ ಬೇರೆಯಾಗಿ ಫೋನ್ ಮಾಡಿ ಓಟು ಕೇಳುತ್ತಿದ್ದಾಳೆ. ನಾನು ಇನ್ನೂ ಓಟು ಹಾಕಿಲ್ಲ.